ಕೊನೆಯ ಹಿಡಿ ಹಿಟ್ಟು: ಸರೆಪ್ತದ ವಿಧವೆಯೂ ಹೊನ್ನಾವರ ಸೀಮೆಯ ಹಿಡಿಯಕ್ಕಿಯೂ

ಹಳೆಯ ಒಡಂಬಡಿಕೆಯ ಅರಸುಗಳ ಮೊದಲನೆಯ ಗ್ರಂಥದ 17ನೆಯ ಅಧ್ಯಾಯದಲ್ಲಿ ಬರುವ ಸರೆಪ್ತದ ವಿಧವೆಯ ಕಥೆ ಬರಗಾಲದಲ್ಲಿ ನಡೆದ ದಾನದ ಕಥೆಯೆಂದೇ ಪ್ರಸಿದ್ಧವಾಗಿದೆ. ಅದು ಒಂದು ಬಂದರು ಪಟ್ಟಣದ ಕಥೆಯೂ ಹೌದೆಂಬ ಸಂಗತಿಗೆ ಮಾತ್ರ ಸಾಮಾನ್ಯ ಪ್ರವಚನಗಳಲ್ಲಿ ಹೆಚ್ಚು ಜಾಗ ಸಿಕ್ಕಿಲ್ಲ. ಕ್ರಿಸ್ತಪೂರ್ವ 9ನೆಯ ಶತಮಾನದಲ್ಲಿ ಇಸ್ರಾಯೇಲನ್ನು ಆಳುತ್ತಿದ್ದ ಅಹಾಬನೆದುರು ನಿಂತು, ಮುಂದಿನ ವರ್ಷಗಳಲ್ಲಿ ಮಳೆಯಾಗಲಿ ಇಬ್ಬನಿಯಾಗಲಿ ಬೀಳದೆಂದು ಸಾರಿದವನು ಎಲೀಯ. ಅವನು ಪ್ರವಾದಿ, ಅಂದರೆ ದೇವರ ಮಾತನ್ನು ಅರಸನಿಗೂ ಅಳುಕದೆ ತಿಳಿಸುವ ಹೊಣೆ ಹೊತ್ತವನು. ಆ ಮಾತಿನ ಬೆಲೆಯಾಗಿ ಅವನು ಕೆರೀತ್ ಹಳ್ಳದ ಬಳಿ ತಲೆಮರೆಸಿಕೊಂಡು, ಕಾಗೆಗಳು ತಂದದ್ದನ್ನು ತಿಂದು ಬದುಕಬೇಕಾಯಿತು. ಹಳ್ಳವೂ ಬತ್ತಿದ ಮೇಲೆ ದೇವರ ಅಪ್ಪಣೆಯಂತೆ ಗಡಿ ದಾಟಿ ಸಿದೋನ್ ಸೀಮೆಯ ಸರೆಪ್ತಕ್ಕೆ ಹೋದನು. ಊರಬಾಗಿಲಲ್ಲಿ ಸೌದೆ ಆಯುತ್ತಿದ್ದ ವಿಧವೆಯೊಬ್ಬಳನ್ನು ಕಂಡು ಮೊದಲು ನೀರು ಕೇಳಿದನು, ಆಮೇಲೆ ರೊಟ್ಟಿ ಕೇಳಿದನು. ಮಡಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತುಸು ಎಣ್ಣೆ, ಅದನ್ನೇ ಸುಟ್ಟು ತಾನೂ ಮಗನೂ ತಿಂದು ಸಾಯುವುದೊಂದೇ ಬಾಕಿ ಎಂದು ಅವಳು ಹೇಳಿದಳು. ಹೆದರಬೇಡ, ಆದರೆ ಮೊದಲು ನನಗೊಂದು ಚಿಕ್ಕ ರೊಟ್ಟಿ ಮಾಡಿಕೊಡು, ಆಮೇಲೆ ನಿಮಗೆ ಮಾಡಿಕೊ, ಮಳೆ ಬರುವ ದಿನದವರೆಗೆ ಹಿಟ್ಟೂ ಎಣ್ಣೆಯೂ ತೀರುವುದಿಲ್ಲ ಎಂದು ಅವನೆಂದನು. ಅವಳು ಹಾಗೆಯೇ ಮಾಡಿದಳು. ಅವರೆಲ್ಲರೂ ಬಹು ದಿನ ಉಂಡರು.

ಸರೆಪ್ತವು ಸಿದೋನ್ ಮತ್ತು ತೂರ್ ನಗರಗಳ ನಡುವೆ, ಇಂದಿನ ಲೆಬನಾನಿನ ಸರಫಂದ್ ಹಳ್ಳಿಯ ಬಳಿ ಇದ್ದ ಫಿನೀಷಿಯನ್ನರ ಬಂದರು. ಅಮೆರಿಕದ ಪುರಾತತ್ತ್ವಜ್ಞ ಜೇಮ್ಸ್ ಪ್ರಿಚರ್ಡ್ 1969ರಿಂದ ಕೆಲವು ವರ್ಷ ಅಲ್ಲಿ ನಡೆಸಿದ ಉತ್ಖನನದಲ್ಲಿ ಕುಂಬಾರರ ಆವಿಗೆಗಳ ಸಾಲೇ ಹೊರಬಿತ್ತು. ಎಣ್ಣೆ ತೆಗೆಯುವ ಗಾಣದ ಕುರುಹುಗಳೂ ದೊರೆತವು. ಮಡಕೆ ಸುಟ್ಟು ಎಣ್ಣೆ ತೆಗೆಯುತ್ತಿದ್ದ ಊರಿನಲ್ಲಿ ಮಡಕೆ ಬರಿದಾಗಿ ಎಣ್ಣೆ ತಳ ಕಂಡಿತ್ತೆಂಬುದನ್ನು ಗಮನಿಸಿದಾಗ ಕಥೆಯ ತೀಕ್ಷ್ಣತೆ ಅರಿವಿಗೆ ಬರುತ್ತದೆ. ಬರ ಕೇವಲ ಕಥೆಗಾರನ ಕಲ್ಪನೆಯೂ ಅಲ್ಲ. ಎಫೆಸದ ಮೆನಾಂಡರ್ ಎಂಬ ಗ್ರೀಕ್ ಲೇಖಕನು ತೂರಿನ ಅರಸ ಇಥೋಬಾಲನ ಕಾಲದಲ್ಲಿ ಒಂದು ವರ್ಷ ಮಳೆ ಬರಲಿಲ್ಲವೆಂದು ಬರೆದಿದ್ದನ್ನು ಯೆಹೂದಿ ಇತಿಹಾಸಕಾರ ಜೋಸೆಫಸ್ ಎತ್ತಿ ಹೇಳಿದ್ದಾನೆ. ಈ ಇಥೋಬಾಲನೇ ಅಹಾಬನ ರಾಣಿ ಈಜೆಬೆಲಳ ತಂದೆ. ಅಂದರೆ ಪ್ರವಾದಿಯು ತನ್ನನ್ನು ಬೇಟೆಯಾಡುತ್ತಿದ್ದ ರಾಣಿಯ ತವರಿನಲ್ಲಿಯೇ, ಬೇರೆ ದೇವರನ್ನು ಪೂಜಿಸುವ ಜನರ ನಡುವೆ, ಹೆಸರೂ ದಾಖಲಾಗದ ಬಡ ಹೆಂಗಸೊಬ್ಬಳ ಮಾಳಿಗೆಯಲ್ಲಿ ಆಶ್ರಯ ಪಡೆದನು.

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ ಮತ್ತು ಕುಮಟಾ ಇಂಥವೇ ಬಂದರು ಊರುಗಳು. ಸರೆಪ್ತದ ಕಥೆಯನ್ನು ಅವುಗಳ ಚರಿತ್ರೆಯ ಬದಿಗಿಟ್ಟು ಓದಿದರೆ ಎರಡಕ್ಕೂ ಬೆಳಕು ಸಿಗುತ್ತದೆ. 14ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ, ಇಲ್ಲಿಯವರು ಕಡಲ ವ್ಯಾಪಾರದಿಂದ ಬದುಕುವವರು, ಅವರಿಗೆ ಸಾಗುವಳಿಯ ಭೂಮಿ ಇಲ್ಲ ಎಂದು ಬರೆದಿದ್ದಾನೆ. ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುದನ್ನು ಎಣಿಸಿ ಹೇಳಿದ ಅದೇ ಲೇಖನಿಯು, ಊರಿನ ಖಾನಕಾದಲ್ಲಿ, ಎಂದರೆ ಸೂಫಿ ಸಾಧಕರ ಆಶ್ರಮದಲ್ಲಿ, ತನ್ನ ಕೈಯಾರೆ ಅಡುಗೆ ಮಾಡಿ ಅತಿಥಿಗೆ ಬಡಿಸಿದ ಶೇಖರೊಬ್ಬರನ್ನೂ ನೆನೆದಿದೆ. ಬೆಳೆಯದ ಊರು ಉಣ್ಣುವುದು ಹೊರಗಿನಿಂದ ಬಂದ ಅಕ್ಕಿಯನ್ನು; ಹಡಗು ತಡವಾದರೆ ಅಂಥ ಊರಿನಲ್ಲಿ ಶ್ರೀಮಂತಿಕೆಯೂ ಹಸಿವೂ ಒಂದೇ ಬೀದಿಯಲ್ಲಿ ಇರುತ್ತವೆ.

ಈ ಕರಾವಳಿಯ ಅಭಾವಕ್ಕೆ ಅದರದೇ ಆದ ಸ್ವರೂಪವಿದೆ. ಸರೆಪ್ತ ಕಾದದ್ದು ಮಳೆ ಬರಲೆಂದು; ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಹೊನ್ನಾವರ ಸೀಮೆಯ ಬಡವರು ತಲೆತಲಾಂತರದಿಂದ ಕಾದದ್ದು ಮಳೆ ನಿಲ್ಲಲೆಂದು. ಜೂನಿನಲ್ಲಿ ಕಡಲು ಕೆರಳಿತೆಂದರೆ ಹಾಯಿಹಡಗುಗಳ ಓಡಾಟ ನಿಲ್ಲುತ್ತಿತ್ತು, ದೋಣಿಗಳು ದಡಕ್ಕೇರುತ್ತಿದ್ದವು, ಹಳೆಯ ಅಕ್ಕಿ ತೀರುತ್ತ ಬರುತ್ತಿತ್ತು, ಹೊಸ ಬೆಳೆ ಇನ್ನೂ ಗದ್ದೆಯಲ್ಲಿರುತ್ತಿತ್ತು. ಹುಲ್ಲಿನಲ್ಲಿ ಬಿಗಿದು ಅಟ್ಟದ ಮೇಲಿಟ್ಟ ಅಕ್ಕಿಮುಡಿ ಇದ್ದ ಮನೆ ಆಷಾಢವನ್ನು ದಾಟುತ್ತಿತ್ತು. ಉಳಿದವರು ಗಂಜಿಯನ್ನು ತೆಳುವಾಗಿಸುತ್ತಿದ್ದರು. ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಉಪ್ಪುನೀರು ನುಗ್ಗುವ ತಗ್ಗುಭೂಮಿಗೆ ಗಜನಿ ಎಂದು ಹೆಸರು. ಮಾಣಿಕಟ್ಟಾದಂಥ ಊರುಗಳಲ್ಲಿ ಅಲ್ಲಿ ಬಿತ್ತುವ ಕಗ್ಗ ಎಂಬ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆಯಾದರೂ ಇಳುವರಿ ಕಡಿಮೆ; ನೀರಿಗೂ ಹಕ್ಕಿಗೂ ಒಂದು ಪಾಲು ಹೋಗುವುದೆಂದು ತಿಳಿದೇ ಬಿತ್ತಬೇಕಾದ ಬೆಳೆ ಅದು. ಕಥೆಯ ಮುಂದಿನ ಅಧ್ಯಾಯದಲ್ಲಿ ಎಲೀಯನ ಸೇವಕನು ಪಡುವಣ ಕಡಲಿನಿಂದ ಅಂಗೈಯಷ್ಟು ಮೋಡವೊಂದು ಏಳುವುದನ್ನು ಕಂಡು ಮಳೆ ಬರುವ ಸುದ್ದಿ ತರುತ್ತಾನೆ. ಪಡುವಣ ಕಡಲನ್ನು ನೋಡಿಯೇ ವರ್ಷದ ಲೆಕ್ಕ ಹಾಕುವ ಜನಕ್ಕೆ ಈ ವಿವರಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ.

ಈ ಕಥೆಯನ್ನು ಇಲ್ಲಿ ತಮ್ಮ ಧರ್ಮಗ್ರಂಥವಾಗಿ ಓದುವ ಕೊಂಕಣಿ ಮಾತಿನ ಕ್ರೈಸ್ತರು ಒಂದು ಕಾಲಕ್ಕೆ ತಾವೇ ಊರಬಾಗಿಲಿಗೆ ಬಂದ ಪರದೇಶಿಗಳಾಗಿದ್ದರೆಂಬುದು ಮುಖ್ಯವಾದ ಮಾತು. 16ರಿಂದ 18ನೆಯ ಶತಮಾನದವರೆಗೆ ಗೋವೆಯ ಕ್ಷಾಮ, ತೆರಿಗೆ, ಧರ್ಮವಿಚಾರಣಾ ನ್ಯಾಯಾಲಯದ ಭಯ ಮತ್ತು ಮರಾಠರ ದಂಡಯಾತ್ರೆಗಳಿಂದ ಬಸವಳಿದ ಕುಟುಂಬಗಳು ತೆಂಕಣಕ್ಕೆ ಇಳಿದವು. ಈ ಸೀಮೆಯನ್ನು ಆಳುತ್ತಿದ್ದ ಕೆಳದಿಯ ನಾಯಕರು, ಅನ್ಯಧರ್ಮದವರೆಂಬ ಕಾರಣಕ್ಕೆ ಹೊರದೂಡದೆ, ಅವರಿಗೆ ಸಾಗುವಳಿಗೆ ಭೂಮಿ ಕೊಟ್ಟರು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರೊಂದಿಗೆ ಆದ ಒಪ್ಪಂದಗಳಲ್ಲಿ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಲು ಅನುಮತಿಯಿತ್ತು. ಆ ಒಪ್ಪಂದಗಳ ಬೆನ್ನ ಹಿಂದೆ ಇದ್ದುದು ಕೆನರಾದ, ಎಂದರೆ ಈ ಕರಾವಳಿಯ, ಅಕ್ಕಿ, ಏಕೆಂದರೆ ಗೋವೆ ಬಹುಮಟ್ಟಿಗೆ ಉಣ್ಣುತ್ತಿದ್ದುದು ಈ ಕರಾವಳಿಯ ಬಂದರುಗಳಿಂದ ಹೋದ ಅಕ್ಕಿಯನ್ನು. ಅರಸರ ಔದಾರ್ಯದಲ್ಲಿ ಲಾಭದ ಲೆಕ್ಕವೂ ಇತ್ತು ಎಂಬುದನ್ನು ಮರೆಮಾಚಬೇಕಿಲ್ಲ. ಆದರೂ ಬಂದವನು ನೆಲೆ ನಿಂತದ್ದು ನಿಜ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಈ ಸಮುದಾಯ ಮತ್ತೊಮ್ಮೆ ಬರಿಗೈಯಾಯಿತು, ಮತ್ತು 1799ರ ಬಳಿಕ ಮರಳಿ ಬಂದವರು ಬದುಕನ್ನು ಮೊದಲಿನಿಂದ ಕಟ್ಟಬೇಕಾಯಿತು. ಈ ಕರಾವಳಿಯಲ್ಲಿ ದುಡಿದ ಪಾದ್ರಿಗಳಲ್ಲಿ ಕಾರ್ಮೆಲ್ ಸಭೆಯವರು ಎಲೀಯನನ್ನೇ ತಮ್ಮ ಮೂಲಪುರುಷನೆಂದು ಗೌರವಿಸುವವರು. 18ನೆಯ ಶತಮಾನದಲ್ಲಿ ಕಾರವಾರದ ಸುಂಕೇರಿಯಲ್ಲಿ ಅವರ ನೆಲೆಯಿತ್ತು.

ಅಭಾವದಲ್ಲಿ ಕೊಡುವುದಕ್ಕೆ ಈ ಸೀಮೆ ಕಂಡುಕೊಂಡ ಅಳತೆಯೂ ಕಥೆಯ ಅಳತೆಯೂ ಒಂದೇ, ಹಿಡಿ. ಹೊನ್ನಾವರ ಮತ್ತು ಕುಮಟಾದ ಹವ್ಯಕ ಬ್ರಾಹ್ಮಣರ ಮನೆಗಳಲ್ಲಿ ಮಠಕ್ಕೆ ಸಲ್ಲುವ ಮುಷ್ಟಿಭಿಕ್ಷೆಯ ಪದ್ಧತಿಯಿದೆ. ಮನೆಯಾಕೆ ಅನ್ನಕ್ಕೆಂದು ಅಕ್ಕಿ ಅಳೆದು ಪಾತ್ರೆಗೆ ಹಾಕಿದ ಮೇಲೆ, ತೊಳೆಯುವ ಮುನ್ನ, ಅದರಿಂದ ಒಂದು ಹಿಡಿ ತೆಗೆದು ಬೇರೆಯ ಡಬ್ಬಿಗೆ ಸುರಿಯುತ್ತಾಳೆ. ಡಬ್ಬಿ ತುಂಬಿದಾಗ ಅದು ಮಠಕ್ಕೆ ಹೋಗುತ್ತದೆ. ಕಣಜದಿಂದ ತೆಗೆದದ್ದಾದರೆ ಅದು ಉಳಿತಾಯದ ಭಾಗ. ಆ ಹೊತ್ತಿನ ಊಟಕ್ಕೆ ಅಳೆದದ್ದರಿಂದ ತೆಗೆದದ್ದಾದ್ದರಿಂದ ಮನೆಯವರ ಪಾಲು ಅಷ್ಟರಮಟ್ಟಿಗೆ ಕಿರಿದಾಗುತ್ತದೆ, ಮತ್ತು ಕೊಡುವುದು ಉಣ್ಣುವುದಕ್ಕಿಂತ ಮುಂಚೆ ನಡೆಯುತ್ತದೆ. ಎಲೀಯನು ಕೇಳಿದ ಮೊದಲ ರೊಟ್ಟಿಯ ತರ್ಕವೂ ಇದೇ ಆಗಿದೆ. ಕೇರಳದಲ್ಲಿ 19ನೆಯ ಶತಮಾನದಲ್ಲಿ ಕಾರ್ಮೆಲ್ ಸಂಪ್ರದಾಯದ ಪಾದ್ರಿ ಕುರಿಯಾಕೋಸ್ ಏಲಿಯಾಸ್ ಚಾವರರು ಶಾಲೆಗೆ ಬರುವ ಬಡ ಮಕ್ಕಳ ಮಧ್ಯಾಹ್ನದೂಟಕ್ಕಾಗಿ ಪಿಡಿಯರಿ, ಎಂದರೆ ಹಿಡಿಯಕ್ಕಿ, ಕೂಡಿಸುವ ಏರ್ಪಾಟನ್ನು ಬಳಕೆಗೆ ತಂದರು. ಒಂದೇ ಕರಾವಳಿಯ ಎರಡು ಧರ್ಮಗಳ ಅಡುಗೆಮನೆಗಳು ಒಂದೇ ಉಪಾಯಕ್ಕೆ ಬಂದು ನಿಂತದ್ದು ಆಕಸ್ಮಿಕವೆನ್ನಲಾಗದು.

ಭಟ್ಕಳದ ನವಾಯತರಲ್ಲಿ ಈ ಅಳತೆ ಶಾಸ್ತ್ರದ ರೂಪವನ್ನೇ ಪಡೆದಿದೆ. ಅರಬ್ ವ್ಯಾಪಾರಿಗಳ ಸಂಪರ್ಕದಿಂದ ಬೆಳೆದ ಈ ಮುಸ್ಲಿಂ ಸಮುದಾಯ ಅನುಸರಿಸುವುದು ಶಾಫಿ ಪಂಥದ ಧರ್ಮಶಾಸ್ತ್ರವನ್ನು. ರಮಜಾನ್ ಮುಗಿಯುವಾಗ ಈದ್ ನಮಾಜಿಗೆ ಮೊದಲು ಮನೆಯ ಪ್ರತಿಯೊಬ್ಬರ ಹೆಸರಲ್ಲಿ ಕೊಡಬೇಕಾದ ಫಿತ್ರ್ ದಾನದ ಪ್ರಮಾಣ ಒಂದು ಸಾ. ಒಂದು ಸಾ ಎಂದರೆ ನಾಲ್ಕು ಮುದ್ದ್, ಒಂದು ಮುದ್ದ್ ಎಂದರೆ ಸಾಧಾರಣ ಮನುಷ್ಯನ ಎರಡೂ ಕೈ ಜೋಡಿಸಿದ ಬೊಗಸೆಯಷ್ಟು. ಇಂದಿನ ಲೆಕ್ಕದಲ್ಲಿ ಒಟ್ಟು ಎರಡೂವರೆಯಿಂದ ಮೂರು ಕಿಲೋ. ಶಾಫಿ ಮತದಲ್ಲಿ ಅದನ್ನು ಊರಿನ ಮುಖ್ಯ ಆಹಾರಧಾನ್ಯವಾಗಿಯೇ ಕೊಡಬೇಕು, ಆದ್ದರಿಂದ ಭಟ್ಕಳದಲ್ಲಿ ಅದು ಅಕ್ಕಿ. ಇದಕ್ಕಿಂತ ಗಮನಾರ್ಹವಾದದ್ದು ಕೊಡಬೇಕಾದವರು ಯಾರೆಂಬ ನಿಯಮ. ಹನಫಿ ಮತದಲ್ಲಿ ನಿರ್ದಿಷ್ಟ ಮೊತ್ತದ ಆಸ್ತಿ ಇದ್ದವರಿಗೆ ಮಾತ್ರ ಈ ಹೊಣೆಯಿದ್ದರೆ, ಶಾಫಿಗಳಲ್ಲಿ ಹಬ್ಬದ ರಾತ್ರಿ ಮತ್ತು ಹಗಲಿನ ಊಟಕ್ಕೆ ಸಾಕಾಗಿ ಮಿಕ್ಕದ್ದು ಇರುವ ಯಾರಿಗಾದರೂ ಇದೆ. ದಾನ ಪಡೆಯುವ ಬಡವನೂ ದಾನಿಯಾಗಬಹುದು. ಬಡವರನ್ನು ಕೊಡುವ ಗೌರವದಿಂದ ಹೊರಗಿಡದ ಈ ನಿಯಮ ಸರೆಪ್ತದ ಅಂಗಳಕ್ಕೆ ಬಹಳ ಹತ್ತಿರದ್ದು.

ರಾಜ್ಯದ ಅಳತೆ ಇದಕ್ಕಿಂತ ಬೇರೆಯಾಗಿತ್ತು. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವಿಳಿದು ಕುಮಟಾ ಬಂದರಿನಿಂದ ಹೊರಡುತ್ತಿದ್ದುದರಿಂದ, ಕುಮಟಾದಲ್ಲಿ ಬೆಳೆಯದ ಆ ಹತ್ತಿಗೆ ವಿದೇಶೀ ಮಾರುಕಟ್ಟೆಯಲ್ಲಿ ಕುಮಟಾ ಎಂದೇ ಹೆಸರಾಗಿತ್ತು. 1876ರ ಧಾತು ಸಂವತ್ಸರದಲ್ಲಿ ಬಯಲುಸೀಮೆಯ ಮಳೆ ಕೈಕೊಟ್ಟು, ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತ ಬರ ಬಂದಾಗ, ಹುಬ್ಬಳ್ಳಿಗೆ ಇನ್ನೂ ರೈಲು ಬಂದಿರಲಿಲ್ಲ. ಹತ್ತಿ ಇಳಿದ ಘಟ್ಟದ ದಾರಿಗಳಲ್ಲಿ ಧಾನ್ಯ ಮೇಲೇರಬೇಕಾಯಿತು. 1877ರಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯವೂ ಅಲ್ಪ ಕಾಸೂ ಸಾಕೆಂಬ ಮಿತಿಯನ್ನು ಮುಂದಿಟ್ಟರು. ಕಲ್ಲು ಒಡೆಯುವವನಿಗೆ ಅರ್ಧ ಕಿಲೋಗೂ ಕಡಿಮೆ. ಖಜಾನೆ ಬರಿದಾಗದಂತೆ ನೋಡಿಕೊಳ್ಳುವುದು ಅಲ್ಲಿ ಮೊದಲ ರೊಟ್ಟಿಯಾಗಿತ್ತು. ಹಸಿದವರ ಪಾಲಿನಿಂದ ಆಳುವವರ ಪಾಲನ್ನು ಮೊದಲು ತೆಗೆದಿಟ್ಟ ಈ ಲೆಕ್ಕಾಚಾರವನ್ನು ಯಾವ ನೆಲೆಯಿಂದಲೂ ಸಮರ್ಥಿಸಲಾಗದು.

ಇಲ್ಲಿಯೇ ಕಥೆಯ ವ್ಯಾಖ್ಯಾನದ ಕಠಿಣ ಪ್ರಶ್ನೆ ಏಳುತ್ತದೆ: ಸಾಯಲಿದ್ದ ತಾಯಿಯ ಕೊನೆಯ ಹಿಡಿಯಿಂದ ತನ್ನ ಪಾಲನ್ನು ಮೊದಲು ಕೇಳಿದ ಪ್ರವಾದಿಯು ಶೋಷಕನಲ್ಲವೇ? ಕಥೋಲಿಕರ ಪೂಜಾವಿಧಿಯ ಮೂರು ವರ್ಷಗಳ ಪಾಠಾವಳಿಯಲ್ಲಿ, ಎರಡನೆಯ ವರ್ಷದ ನವೆಂಬರಿನ ಒಂದು ಭಾನುವಾರ ಈ ಕಥೆಯನ್ನು ಮಾರ್ಕನ ಶುಭಸಂದೇಶದಲ್ಲಿ ಬರುವ, ದೇವಾಲಯದ ಕಾಣಿಕೆಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗದೊಂದಿಗೆ ಓದಲಾಗುತ್ತದೆ. 1976ರಲ್ಲಿ ಸ್ಥಾಪಿತವಾದ ಕಾರವಾರ ಧರ್ಮಪ್ರಾಂತ್ಯದ ಇಗರ್ಜಿಗಳಲ್ಲೂ ಇದೇ ಕ್ರಮ. ಆ ಎರಡನೆಯ ಪ್ರಸಂಗದ ಕುರಿತು ವಿದ್ವಾಂಸ ಆಡಿಸನ್ ರೈಟ್ 1982ರಲ್ಲಿ ಬರೆಯುತ್ತ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸಿದ ಬೆನ್ನಿಗೇ ಅದು ಬರುವುದರಿಂದ ಅಲ್ಲಿರುವುದು ಮೆಚ್ಚುಗೆಯಲ್ಲ, ಮರುಕ ಎಂದು ವಾದಿಸಿದರು. ಬಡವರ ಜೇಬಿಗೆ ಕೈಹಾಕಲು ಈ ಕಥೆಗಳನ್ನು ಬಳಸುವ ಬೋಧಕರು ಇರುವವರೆಗೆ ಆ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಸರೆಪ್ತದ ಕಥೆಗೆ ಅದೇ ತೀರ್ಪು ಒಪ್ಪುವುದಿಲ್ಲ. ಎಲೀಯನು ರೊಟ್ಟಿ ತೆಗೆದುಕೊಂಡು ಹೊರಟುಹೋಗಲಿಲ್ಲ; ಅದೇ ಮನೆಯಲ್ಲಿ ಉಳಿದು ಅದೇ ಮಡಕೆಯಿಂದ ಉಂಡನು, ಮಡಕೆ ಬರಿದಾಗಿದ್ದರೆ ಅವನೂ ಹಸಿದು ಸಾಯುತ್ತಿದ್ದನು. ಹಿಟ್ಟು ತೀರಲಿಲ್ಲವೆಂದು ಕಥೆ ಹೇಳುತ್ತದೆಯೇ ಹೊರತು ಮಡಕೆ ತುಂಬಿ ಹರಿಯಿತೆಂದು ಎಲ್ಲಿಯೂ ಹೇಳುವುದಿಲ್ಲ. ಪ್ರತಿ ಬೆಳಿಗ್ಗೆ ತಳದಲ್ಲಿ ಅಂದಂದಿಗಾಗುವಷ್ಟೇ ಇದ್ದಿರಬೇಕು. ಕೊಟ್ಟದ್ದಕ್ಕೆ ಪ್ರತಿಫಲವಾಗಿ ಸುಖವೂ ಬರಲಿಲ್ಲ, ಏಕೆಂದರೆ ಮುಂದಿನ ವಾಕ್ಯಗಳಲ್ಲಿಯೇ ಅವಳ ಮಗ ಕಾಯಿಲೆ ಬಿದ್ದು ಸಾಯುತ್ತಾನೆ, ಅವಳು ಪ್ರವಾದಿಯ ಮೇಲೆ ಸಿಟ್ಟಾಗುತ್ತಾಳೆ, ಅವನು ದೇವರೊಡನೆ ಜಗಳವಾಡುವಂತೆ ಮೊರೆಯಿಟ್ಟ ಮೇಲೆಯೇ ಹುಡುಗ ಮತ್ತೆ ಬದುಕುತ್ತಾನೆ.

ಅವಳ ದಾನದ ನಿಜವಾದ ದಿಟ್ಟತನ ಬೇರೆಡೆ ಇದೆ. ಎಲೀಯನಿಗೆ ಉತ್ತರ ಕೊಡುವಾಗ ಅವಳು ಆಣೆಯಿಡುವುದು ಅವನ ದೇವರ ಹೆಸರಿನಲ್ಲಿ. ಆ ದೇವರು ಇನ್ನೂ ಅವಳ ದೇವರಾಗಿರಲಿಲ್ಲ. ಲೂಕನ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಯೇಸು ತನ್ನ ಊರಾದ ನಜರೇತಿನ ಸಭಾಮಂದಿರದಲ್ಲಿ, ಇಸ್ರಾಯೇಲಿನಲ್ಲಿ ಅನೇಕ ವಿಧವೆಯರಿದ್ದರೂ ಎಲೀಯನನ್ನು ಕಳುಹಿಸಿದ್ದು ಸಿದೋನಿನ ಪರದೇಶದವಳ ಬಳಿಗೆ ಎಂದು ನೆನಪಿಸಿದಾಗ, ಅಷ್ಟು ಹೊತ್ತು ಮೆಚ್ಚಿಕೊಂಡಿದ್ದ ಊರಿನವರು ರೋಷಗೊಂಡು ಅವನನ್ನು ಗುಡ್ಡದ ತುದಿಯಿಂದ ತಳ್ಳಲು ಎಳೆದೊಯ್ದರು. ಭಟ್ಕಳ, ಹೊನ್ನಾವರ, ಕುಮಟಾದ ಹಿಡಿಯಕ್ಕಿಯೂ ಫಿತ್ರ್ ಅಕ್ಕಿಯೂ ಇಗರ್ಜಿಯ ಕಾಣಿಕೆಯೂ ಬಹುಮಟ್ಟಿಗೆ ಕೊಡುವವರ ಸಮುದಾಯದೊಳಗೇ ಸುತ್ತುತ್ತವೆ, ಮತ್ತು 1993ರ ಕೋಮುಗಲಭೆಯನ್ನು ಕಂಡ ಭಟ್ಕಳದಲ್ಲಿ ಸಮುದಾಯಗಳ ನಡುವಿನ ಗೆರೆ ಬಳಪದಿಂದ ಎಳೆದದ್ದೂ ಅಲ್ಲ. ಆದರೂ ಇದೇ ಸೀಮೆಯಲ್ಲಿ ಸೂಫಿಯೊಬ್ಬರ ಅಡುಗೆ ದೂರದ ದಾರಿಹೋಕನಿಗೆ ಬಡಿಸಲ್ಪಟ್ಟಿತ್ತು, ಕೆಳದಿಯ ಶೈವ ಅರಸರ ಗದ್ದೆ ಗೋವೆಯಿಂದ ಓಡಿಬಂದ ಕ್ರೈಸ್ತರ ಕೈಗೆ ಬಂದಿತ್ತು. ಗಡಿಯಾಚೆಯವನಿಗೆ ಕೊಡುವ ವಾಡಿಕೆ ಈ ಬಂದರುಗಳಿಗೆ ಹೊರಗಿನಿಂದ ಕಲಿಸಬೇಕಾದದ್ದೇನೂ ಅಲ್ಲ.