ದಡಾರ, ರುಬೆಲ್ಲ ಮತ್ತು ಮಂಗನಬಾವಿನ ಲಸಿಕೆ: ರಾಮನಗರ ಸೀಮೆ

ದಡಾರ, ರುಬೆಲ್ಲ ಮತ್ತು ಮಂಗನಬಾವು ಎಂಬ ಮೂರು ಸಾಂಕ್ರಾಮಿಕ ವ್ಯಾಧಿಗಳಿಂದ ಶಿಶುಗಳನ್ನು ಕಾಪಾಡುವ ಲಸಿಕೆಗಳು, ಆಯಾ ವೈರಾಣುವನ್ನು ಜೀವಂತವಾಗಿಯೇ ಇರಿಸಿ ಅದರ ಉಗ್ರತೆಯನ್ನು ಮಾತ್ರ ಕುಗ್ಗಿಸಿ ಸಿದ್ಧಪಡಿಸಿದಂಥವು. ಅಮೆರಿಕದಲ್ಲಿ ದಡಾರದ ಲಸಿಕೆ 1963ರಲ್ಲಿಯೂ ಮೂರನ್ನೂ ಕೂಡಿಸಿದ ಲಸಿಕೆ 1971ರಲ್ಲಿಯೂ ಬಳಕೆಗೆ ಬಂದವು. ಭಾರತದಲ್ಲಿ 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ದಡಾರವನ್ನು ಒಳಗೊಂಡಿತಾದರೂ, ಗರ್ಭಿಣಿಗೆ ಸೋಂಕಿದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸಬಲ್ಲ ರುಬೆಲ್ಲಕ್ಕೆ ಪ್ರತಿರಕ್ಷೆ ದೊರೆತುದು 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡ ಅಭಿಯಾನದಿಂದ. ಒಂಬತ್ತು ತಿಂಗಳು ತುಂಬಿದ, ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಹಿಂದೆ ಲಸಿಕೆಯಾಗಿದ್ದರೂ ಮತ್ತೊಮ್ಮೆ ಕೊಡುವುದೆಂದಾದಾಗ ಮೊಬೈಲುಗಳಲ್ಲಿ ವದಂತಿಗಳು ಹಬ್ಬಿ ಹಲವು ಪೋಷಕರು ಹಿಂಜರಿದರು. ಮಂಗನಬಾವಿನ ಲಸಿಕೆ ಮಾತ್ರ ಈ ಕಾರ್ಯಕ್ರಮದಲ್ಲಿ ಸೇರದೆ, ಖಾಸಗಿ ವೈದ್ಯರಲ್ಲಿ ಹಣ ತೆರಬಲ್ಲವರಿಗೇ ದಕ್ಕುತ್ತ ಬಂದಿರುವುದು ನಿಜವಾಗಿಯೂ ಒಂದು ಕೊರತೆಯೇ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ, ನಾಡಿನ ಇತರೆಡೆಗಳಂತೆ, ದಡಾರ–ರುಬೆಲ್ಲ ಲಸಿಕೆಯ ಮೊದಲ ಡೋಸನ್ನು ಒಂಬತ್ತು ತಿಂಗಳು ತುಂಬಿದ ಬಳಿಕ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ, ಬಲತೋಳಿನ ಚರ್ಮದಡಿಯಲ್ಲಿ ಉಚಿತವಾಗಿ ಚುಚ್ಚುತ್ತಾರೆ; ದಿನ ಬಂತೆಂದು ಮನೆಯ ಬಾಗಿಲಿಗೆ ಬಂದು ತಿಳಿಸಿ, ತಾಯಿ ಕಾರ್ಡನ್ನು ನೋಡುವವರು ಆಶಾ ಕಾರ್ಯಕರ್ತೆಯರು. ಪುಡಿಯ ರೂಪದ ಈ ಲಸಿಕೆಯನ್ನು ದ್ರಾವಣದೊಡನೆ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಿ, ಉಳಿದುದನ್ನು ಚೆಲ್ಲಲೇಬೇಕಾದುದರಿಂದ, ಕನಕಪುರದ ದಕ್ಷಿಣಕ್ಕೆ ಕಾವೇರಿಯತ್ತ ಚಾಚಿದ ಕಾಡಂಚಿನ ಹಟ್ಟಿಗಳಿಗೆ ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೊತ್ತು ಸಕಾಲದಲ್ಲಿ ತಲಪುವ ನರ್ಸಮ್ಮನವರ ಶ್ರಮವೇ ಲಸಿಕೆಯ ಸಾಮರ್ಥ್ಯದ ಅರ್ಧವೆನ್ನಬಹುದು.

ಮೊದಲ ಡೋಸಿಗಿಂತ ಎರಡನೆಯದು ಸುಲಭವಾಗಿ ತಪ್ಪುತ್ತದೆ. ನಾಲ್ಕನೆಯ ಜ್ವರವೆದ್ದ, ಎಂದರೆ ನಾಲ್ಕನೆಯ ಬಾರಿ ಪೊರೆ ಕಳಚಿದ, ರೇಷ್ಮೆಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದ ತಾಯಿ ಆ ವಾರ ಉಪಕೇಂದ್ರಕ್ಕೆ ಬರಲಾರಳು. ಕಲ್ಲುಗಣಿ, ಇಟ್ಟಿಗೆಗೂಡುಗಳಿಗೆ ಹೊರನಾಡಿನಿಂದ ಬಂದ ಸಂಸಾರವಾದರೋ ಎರಡನೆಯ ಡೋಸಿನ ಹೊತ್ತಿಗೆ ಬೇರೆಲ್ಲಿಗೋ ತೆರಳಿರುತ್ತದೆ. ಒಬ್ಬ ರೋಗಿಯಿಂದ, ರಕ್ಷಣೆಯಿಲ್ಲದ ಸಮುದಾಯದಲ್ಲಿ, 12ರಿಂದ 18 ಮಂದಿಗೆ ಹರಡಬಲ್ಲ ದಡಾರವನ್ನು ತಡೆಯಲು ನೂರಕ್ಕೆ ತೊಂಬತ್ತೈದು ಮಂದಿಯಲ್ಲಾದರೂ ಪ್ರತಿರಕ್ಷೆ ಬೇಕಾಗಿರುವಾಗ, ಇಂತಹ ಪುಟ್ಟ ಬಿರುಕುಗಳೇ ವ್ಯಾಧಿಗೆ ದಾರಿಯಾಗುತ್ತವೆ.

ಮಗುವಿಗೆ ಗಂಧೆ ಎದ್ದರೆ 'ಅಮ್ಮ ಬಂದಿದ್ದಾಳೆ' ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಪರರ ಸಂಪರ್ಕವನ್ನು ತಪ್ಪಿಸುವ ಹಳೆಯ ವಾಡಿಕೆಯಲ್ಲಿ ವಿವೇಕವಿಲ್ಲದಿಲ್ಲ. ಆದರೆ ನ್ಯುಮೋನಿಯ, ಅತಿಸಾರ, ದೃಷ್ಟಿಹಾನಿಗಳು ಬೆನ್ನುಹತ್ತುವ ಕಾರಣ ಮಗುವನ್ನು ವೈದ್ಯರಿಗೆ ತೋರಿಸಿ, 'ಎ' ಜೀವಸತ್ವವನ್ನು ಎರಡು ದಿನ ಕೊಡಿಸಬೇಕು. ಲಸಿಕೆಯ ತರುವಾಯ ಏಳೆಂಟು ದಿನಕ್ಕೆ ಕೆಲವು ಮಕ್ಕಳಲ್ಲಿ ಕಾಣುವ ಸೌಮ್ಯ ಜ್ವರ ಮತ್ತು ಗಂಧೆ ತಾವಾಗಿಯೇ ಶಮನವಾಗುತ್ತವೆ.