ಕೊಯ್ದ ಮೇಲೂ ಮರಳುವ ಜೋಮು

ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿದರೆ ಕೊಂಚ ಹಗುರ, ಮಲಗಿದರೆ ಮತ್ತೆ ಅದೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಮರಗಟ್ಟಿದರೂ ಕಿರುಬೆರಳಿಗೆ ಏನೂ ಆಗಿರುವುದಿಲ್ಲ. ಇದು ಕಾರ್ಪಲ್ ಟನಲ್ ಸಿಂಡ್ರೋಮ್. ಚೆನ್ನೈನ ಅಣ್ಣಾ ನಗರವಿರಲಿ, ಬೆಂಗಳೂರಿನ ಜಯನಗರವಿರಲಿ, ಮೂಳೆ ವೈದ್ಯರಿಗೆ ಈ ದೂರು ಹೊಸದಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವರು ವರ್ಷಗಳ ನಂತರ ಅದೇ ದೂರು ಹೊತ್ತು ಮರಳಿ ಬರುವುದೂ ಉಂಟು. ಹಾಗೆ ಬಂದವರಿಗೆ ಏನು ಹೇಳಬೇಕೆಂಬುದನ್ನು ವೈದ್ಯಲೋಕ ಕಲಿತದ್ದು ಬಹಳ ನಿಧಾನವಾಗಿ.

ಮಣಿಕಟ್ಟಿನ ರಚನೆಯೇ ಇಕ್ಕಟ್ಟಿನದು. ಕೆಳಗೆ ಮತ್ತು ಪಕ್ಕಗಳಲ್ಲಿ ಪುಟ್ಟ ಮೂಳೆಗಳು, ಮೇಲೆ ಗಟ್ಟಿಯಾದ ಅಡ್ಡ ಅಸ್ಥಿರಜ್ಜು. ಆ ಸುರಂಗದೊಳಗೆ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಅವುಗಳ ಜೊತೆಗೆ ಮೀಡಿಯನ್ ನರವೂ ಹಾಯುತ್ತವೆ. ಒಳಗೆ ಯಾವುದು ಊದಿಕೊಂಡರೂ ಮೊದಲು ನಲುಗುವುದು ನರ.

ಲಂಡನ್ನಿನ ಜೇಮ್ಸ್ ಪ್ಯಾಜೆಟ್ 1850ರ ದಶಕದಲ್ಲೇ ಮಣಿಕಟ್ಟಿನ ಮೂಳೆ ಮುರಿದವರಲ್ಲಿ ಈ ನರ ಒತ್ತಿಹೋದದ್ದನ್ನು ವರ್ಣಿಸಿದ್ದರು. 1880ರಲ್ಲಿ ಬೋಸ್ಟನ್ನಿನ ಜೇಮ್ಸ್ ಪುಟ್ನಮ್ ರಾತ್ರಿ ಕೈ ಜೋಮು ಹಿಡಿಯುವ 37 ರೋಗಿಗಳ ವಿವರ ಬರೆದರು. ಆದರೆ ಆ ಜೋಮಿನ ಕಾರಣವನ್ನು ಮಣಿಕಟ್ಟಿನಲ್ಲಿ ಯಾರೂ ಹುಡುಕಲಿಲ್ಲ. 1913ರಲ್ಲಿ ಫ್ರಾನ್ಸಿನ ಪಿಯೆರ್ ಮರಿ ಮತ್ತು ಶಾರ್ಲ್ ಫ್ವಾ ವಯಸ್ಸಾದ ರೋಗಿಯೊಬ್ಬರ ಶವಪರೀಕ್ಷೆಯಲ್ಲಿ ಅಸ್ಥಿರಜ್ಜಿನ ಅಂಚಿಗೆ ನರ ಗಂಟಿನಂತೆ ಊದಿದ್ದನ್ನು ಕಂಡರು. ಸಕಾಲದಲ್ಲಿ ಆ ರಜ್ಜನ್ನು ಕತ್ತರಿಸಿದ್ದರೆ ಕೈಯ ಬಲ ಉಳಿಯುತ್ತಿತ್ತೇನೋ ಎಂದು ಬರೆದರು. ಎಂಥ ಸರಿಯಾದ ಊಹೆ! ಅದು ದಶಕಗಳ ಕಾಲ ಮೂಲೆಗುಂಪಾಯಿತು. ಜೇಮ್ಸ್ ಲಿಯರ್ಮಂತ್ 1933ರಲ್ಲಿ ಅಂಥ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದರು. 1947ರಲ್ಲಿ ರಸೆಲ್ ಬ್ರೇನ್ ಮತ್ತು ಸಂಗಡಿಗರು ಆರು ರೋಗಿಗಳ ವಿವರ ಪ್ರಕಟಿಸಿದರು. ಇದನ್ನು ಎಲ್ಲ ವೈದ್ಯರೂ ಗುರುತಿಸುವ ಕಾಯಿಲೆಯನ್ನಾಗಿ ಮಾಡಿದ್ದು 1950ರ ದಶಕದಲ್ಲಿ ಕ್ಲೀವ್‌ಲ್ಯಾಂಡಿನ ಜಾರ್ಜ್ ಫೇಲನ್. ಮಣಿಕಟ್ಟನ್ನು ಒಂದು ನಿಮಿಷ ಮಡಚಿ ಹಿಡಿದು ಜೋಮು ಬರುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು. ಅದೇ ದಶಕದಲ್ಲಿ ನರದಲ್ಲಿ ವಿದ್ಯುತ್ ಸಂಕೇತ ಹರಿಯುವ ವೇಗ ಅಳೆಯುವ ಪರೀಕ್ಷೆಯೂ ಬಂದು, ರೋಗಿಯ ಮಾತಿನ ಜೊತೆಗೆ ಅಂಕಿಯೂ ಕೈಗೆ ಸಿಕ್ಕಿತು.

ತಮಿಳುನಾಡಿನ ಕಥೆ ಬೇರೆ ದಾರಿ ಹಿಡಿಯಿತು. ಇಲ್ಲಿ ಕೈಯ ಶಸ್ತ್ರಚಿಕಿತ್ಸೆ ಬೆಳೆದದ್ದು ಕುಷ್ಠರೋಗಿಗಳ ಮಡಚಿಹೋದ ಬೆರಳುಗಳಿಂದ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರ್ಯಾಂಡ್, ಬಲವಿರುವ ಸ್ನಾಯುವಿನ ರಜ್ಜನ್ನು ಬಲಗುಂದಿದ ಬೆರಳಿಗೆ ಜೋಡಿಸಿ ಆ ಕೈಗಳಿಗೆ ಮತ್ತೆ ಕೆಲಸ ಕಲಿಸಿದರು. ಅಣ್ಣಾ ನಗರದಿಂದ ಪೂರ್ವಕ್ಕೆ, ಹಳೆಯ ಮದರಾಸಿನ ಕಡೆಗೆ ಹೋದರೆ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆ. 1970ರ ದಶಕದಲ್ಲಿ ಆರ್. ವೆಂಕಟಸ್ವಾಮಿ ಅಲ್ಲಿ ಕಟ್ಟಿದ ಕೈ ಶಸ್ತ್ರಚಿಕಿತ್ಸಾ ವಿಭಾಗ ದೇಶಕ್ಕೇ ಶಿಕ್ಷಕರನ್ನು ಕೊಟ್ಟಿತು. ಅದೇ ಆಸ್ಪತ್ರೆಯಲ್ಲಿ 1948ರಲ್ಲೇ ಎಂ. ವಿಶ್ವನಾಥನ್ ಮಧುಮೇಹದ ಪ್ರತ್ಯೇಕ ಚಿಕಿತ್ಸಾಲಯ ಆರಂಭಿಸಿದ್ದರು. ಈ ಎರಡೂ ಪರಂಪರೆಗಳು ಇಂದಿನ ರೋಗಿಗೆ ಬೇಕು. ಸಕ್ಕರೆ ಕಾಯಿಲೆಯವರಲ್ಲಿ ಕಾರ್ಪಲ್ ಟನಲ್ ಹೆಚ್ಚು. ನಮ್ಮ ದೇಶದಲ್ಲಿ ಕೈ ಮರಗಟ್ಟಿದೆ ಎಂದಾಗ ಕುಷ್ಠದ ಮಚ್ಚೆ, ದಪ್ಪಗಾದ ನರಗಳಿಗಾಗಿ ನೋಡದೆ ಬಿಡುವಂತಿಲ್ಲ.

1980ರ ದಶಕದ ಕೊನೆಗೆ ಜಪಾನಿನ ಇಚಿರೊ ಒಕುತ್ಸು, ಅಮೆರಿಕದ ಜೇಮ್ಸ್ ಚೌ ಎಂಡೋಸ್ಕೋಪ್ ಬಳಸಿ ಸಣ್ಣ ಗಾಯದಲ್ಲೇ ಮಣಿಕಟ್ಟಿನ ಅಡ್ಡ ಅಸ್ಥಿರಜ್ಜು ಕತ್ತರಿಸಿದರು. ಕೆಲಸಕ್ಕೆ ಬೇಗ ಮರಳಬಹುದು ಎಂಬುದು ಅದರ ಲಾಭ. ವರ್ಷ ಕಳೆದ ಮೇಲೆ ನೋಡಿದರೆ ತೆರೆದ ಶಸ್ತ್ರಚಿಕಿತ್ಸೆಗೂ ಇದಕ್ಕೂ ಹೆಚ್ಚಿನ ಅಂತರ ಕಾಣುವುದಿಲ್ಲ.

ಹಾಗಾದರೆ ಕೊಯ್ದ ಮೇಲೂ ಮರಳುವುದು ಏನು? ಇಲ್ಲಿ ಈ ಕ್ಷೇತ್ರ ಮಾಡಿಕೊಂಡ ಒಂದು ವಿಂಗಡಣೆ ತುಂಬ ಉಪಯುಕ್ತ. ಶಸ್ತ್ರಚಿಕಿತ್ಸೆಯ ನಂತರ ಜೋಮು ಹೋಗಲೇ ಇಲ್ಲವೆಂದರೆ ರಜ್ಜು ಪೂರ್ತಿ ಕತ್ತರಿಸಿರಲಿಕ್ಕಿಲ್ಲ, ಇಲ್ಲವೇ ತೊಂದರೆ ಕತ್ತಿನ ನರದಲ್ಲಿ ಇರಬಹುದು. ಒಂದೇ ನರ ಕತ್ತಿನಲ್ಲೂ ಮಣಿಕಟ್ಟಿನಲ್ಲೂ ಒತ್ತಿರಬಹುದೆಂಬ ವಾದವನ್ನು ಆಪ್ಟನ್ ಮತ್ತು ಮ್ಯಾಕೋಮಸ್ 1973ರಲ್ಲೇ ಮುಂದಿಟ್ಟಿದ್ದರು. ಕೆಲವು ತಿಂಗಳು ನೆಮ್ಮದಿಯಾಗಿದ್ದು ಆಮೇಲೆ ಮರಳಿದರೆ, ಅದು ನಿಜವಾದ ಮರುಕಳಿಕೆ: ಗಾಯ ಮಾಯುವಾಗ ಬೆಳೆದ ಕಲೆಯ ಅಂಗಾಂಶ ನರವನ್ನು ಅಂಟಿ ಹಿಡಿದಿರುತ್ತದೆ, ಅಥವಾ ಸುರಂಗದೊಳಗೆ ಮತ್ತೆ ಊತ ಬಂದಿರುತ್ತದೆ. ಹಿಂದೆಂದೂ ಇಲ್ಲದ ಉರಿಯೋ ಮರಗಟ್ಟುವಿಕೆಯೋ ಶುರುವಾದರೆ, ಶಸ್ತ್ರಚಿಕಿತ್ಸೆಯಲ್ಲೇ ನರಕ್ಕೆ ಪೆಟ್ಟಾಯಿತೇ ಎಂದು ನೋಡಬೇಕು. ಅಂಗೈ ಬುಡದಲ್ಲಿ ಕೆಲವು ತಿಂಗಳು ಉಳಿಯುವ ನೋವು ಮಾತ್ರ ಇವುಗಳಲ್ಲಿ ಯಾವುದೂ ಅಲ್ಲ. ಅದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

ಎರಡನೇ ಸಲ ಕೊಯ್ಯಬೇಕಾಗುವವರು ಕಡಿಮೆ, ನೂರಕ್ಕೆ ಐದರೊಳಗೆ ಎಂಬುದು ಸಾಮಾನ್ಯ ಅಂದಾಜು. ಅಂಥವರಿಗೆ ರಜ್ಜು ಬಿಡಿಸಿದರಷ್ಟೇ ಸಾಲದೆಂದು ಕಂಡಾಗ, ಕಿರುಬೆರಳಿನ ಬುಡದ ಕೊಬ್ಬನ್ನು ರಕ್ತನಾಳದ ಸಮೇತ ಸರಿಸಿ ನರಕ್ಕೆ ಹೊದಿಸುತ್ತಾರೆ. ಫಲಿತಾಂಶ ಮೊದಲನೆಯದರಷ್ಟು ಖಚಿತವಲ್ಲ. ಅದನ್ನು ರೋಗಿಗೆ ಮುಂಚಿತವಾಗಿಯೇ ಹೇಳುವುದು ವೈದ್ಯರ ಕರ್ತವ್ಯ.

ಡಯಾಲಿಸಿಸ್‌ನಲ್ಲಿ ವರ್ಷಗಟ್ಟಲೆ ಇರುವವರದು ಬೇರೆಯೇ ಸಂಗತಿ. ಅವರ ಸುರಂಗದಲ್ಲಿ ಒಂದು ಬಗೆಯ ಪ್ರೋಟೀನ್ ಶೇಖರವಾಗುತ್ತದೆಂದು 1985ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಶೇಖರಣೆ ನಿಲ್ಲದಿದ್ದರೆ ಕಾಯಿಲೆ ಮರಳುವುದು ಸಹಜ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಎಚ್ಚರಿಕೆ ಸೇರಿದೆ: ವಯಸ್ಸಾದವರ ಎರಡೂ ಕೈಗಳಲ್ಲಿ ಬರುವ ಕಾರ್ಪಲ್ ಟನಲ್, ಹೃದಯದಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ತುಂಬುವ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು.

ಮೊದಲ ಶಸ್ತ್ರಚಿಕಿತ್ಸೆ ಯಶಸ್ವಿಯಾದರೂ ನರಪರೀಕ್ಷೆಯ ಅಂಕಿ ಪೂರ್ತಿ ಸರಿಹೋಗದೇ ಇರುವುದುಂಟು. ಆದ್ದರಿಂದ ಹೊಸ ವರದಿಯೊಂದನ್ನೇ ನೋಡಿ ಏನನ್ನೂ ತೀರ್ಮಾನಿಸಲಾಗದು, ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಮೊದಲಿನ ನರಪರೀಕ್ಷೆಯ ವರದಿ ಮತ್ತು ಆಸ್ಪತ್ರೆ ಕೊಟ್ಟ ವಿವರಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಜೋಮು ಮರಳಿದರೆ ನೆಮ್ಮದಿ ಎಷ್ಟು ತಿಂಗಳು ಇತ್ತು, ಯಾವ ಬೆರಳಿನಿಂದ ಮತ್ತೆ ಶುರುವಾಯಿತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಲಿ.