ಪ್ರಾಕ್ಟೀಸ್ ಗ್ರೀನ್ ಮತ್ತು ಕೋರ್ಸ್ ಗ್ರೀನ್ ಎರಡೂ ಒಂದೇನಾ? ಅಲ್ಲಿ ಬೀಳುವ ಚೆಂಡು ಇಲ್ಲಿ ಯಾಕೆ ಬೀಳಲ್ಲ?

ಗಾಲ್ಫ್ ಕಲಿಯಲು ಹೊರಟವರಿಗೆ ಮೊದಲ ವಾರದಲ್ಲೇ ಒಂದು ಸಲಹೆ ಸಿಗುತ್ತದೆ: "ಆಟಕ್ಕೆ ಮುಂಚೆ ಪ್ರಾಕ್ಟೀಸ್ ಗ್ರೀನ್‌ನಲ್ಲಿ ಹತ್ತು ನಿಮಿಷ ಆಡಿ, ಅವತ್ತಿನ ಸ್ಪೀಡ್ ಗೊತ್ತಾಗುತ್ತೆ." ಸ್ವಲ್ಪ ದಿನ ಕಳೆದ ಮೇಲೆ ಒಂದು ದೂರು ಕಿವಿಗೆ ಬೀಳುತ್ತದೆ: "ಪ್ರಾಕ್ಟೀಸ್‌ನಲ್ಲಿ ಎಲ್ಲ ಬೀಳುತ್ತೆ, ಕೋರ್ಸ್‌ಗೆ ಹೋದರೆ ಒಂದೂ ಬೀಳಲ್ಲ. ಬೇಕಂತಲೇ ಬೇರೆ ಥರ ಮಾಡಿಟ್ಟಿರುತ್ತಾರೆ." ಇವೆರಡರಲ್ಲಿ ಯಾವುದು ನಿಜ?

ಚಿಕ್ಕ ಉತ್ತರ: ಎರಡೂ ಅರ್ಧ ಸತ್ಯ. ಪ್ರಾಕ್ಟೀಸ್ ಗ್ರೀನ್ ಅವತ್ತಿನ ಸ್ಪೀಡ್‌ನ ಅಂದಾಜು ಕೊಡುತ್ತದೆ, ಖಚಿತ ಲೆಕ್ಕ ಕೊಡುವುದಿಲ್ಲ. ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಕಾರಣ ಹುಲ್ಲು, ನೀರು, ಬಿಸಿಲು ಮತ್ತು ಜನರ ಓಡಾಟ. ಇನ್ನೊಂದು ಕಾರಣ ನಾವು ಅಭ್ಯಾಸ ಮಾಡುವ ರೀತಿಯಲ್ಲೇ ಇದೆ.

ಮೊದಲಿಗೆ, ಗ್ರೀನ್ ಅಂದರೆ ಏನು?

ಗಾಲ್ಫ್‌ನಲ್ಲಿ ಚೆಂಡು ಬೀಳಬೇಕಾದ ಕುಳಿಯ ಸುತ್ತ ಹುಲ್ಲನ್ನು ತೀರಾ ಗಿಡ್ಡವಾಗಿ, ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರುತ್ತಾರೆ. ಅದೇ ಗ್ರೀನ್. ಅದರ ಮೇಲೆ ಚೆಂಡನ್ನು ಉರುಳಿಸಿ ಹೊಡೆಯುವುದಕ್ಕೆ ಪಟ್ ಎನ್ನುತ್ತಾರೆ. ಕುಳಿಯ ಅಗಲ 4.25 ಇಂಚು, ಅಂದರೆ 108 ಮಿಲಿಮೀಟರ್. ಚೆಂಡಿನ ಅಗಲ ಕನಿಷ್ಠ 42.67 ಮಿಲಿಮೀಟರ್. ಎರಡು ಚೆಂಡು ಪಕ್ಕಪಕ್ಕ ಹಿಡಿಸುವಷ್ಟು ಜಾಗವಿದ್ದರೂ, ವೇಗ ಜಾಸ್ತಿಯಾದರೆ ಚೆಂಡು ಅಂಚಿಗೆ ತಾಗಿ ಆಚೆ ಹೋಗಿಬಿಡುತ್ತದೆ.

ಪ್ರಾಕ್ಟೀಸ್ ಗ್ರೀನ್ ಸಾಮಾನ್ಯವಾಗಿ ಕ್ಲಬ್‌ಹೌಸ್ ಪಕ್ಕದಲ್ಲಿ ಇರುತ್ತದೆ. ಅದರಲ್ಲಿ ಹಲವು ಕುಳಿಗಳಿರುತ್ತವೆ. ಕೋರ್ಸ್‌ನ ಗ್ರೀನ್‌ಗಳು ಹಾಗಲ್ಲ. 18 ಹೋಲ್‌ಗೆ ಸಾಮಾನ್ಯವಾಗಿ 18 ಗ್ರೀನ್ ಇರುತ್ತವೆ. ಒಂದು ಮರದ ನೆರಳಲ್ಲಿ, ಇನ್ನೊಂದು ಬಯಲಲ್ಲಿ, ಮತ್ತೊಂದು ಕೆರೆಯ ಪಕ್ಕ, ಹೀಗೆ.

ಗ್ರೀನ್‌ನ ಸ್ಪೀಡ್ ಅಳೆಯುವುದು ಹೇಗೆ?

ಇದಕ್ಕೆ ಸ್ಟಿಂಪ್‌ಮೀಟರ್ ಎಂಬ ಸರಳ ಸಾಧನವಿದೆ. 1935ರಲ್ಲಿ ಅಮೆರಿಕದ ಓಕ್‌ಮಾಂಟ್ ಕೋರ್ಸ್‌ನಲ್ಲಿ ಯುಎಸ್ ಓಪನ್ ನಡೆದಾಗ, ಹೆಸರಾಂತ ಆಟಗಾರ ಜೀನ್ ಸರಜೆನ್ ಹೊಡೆದ ಪಟ್ ಗ್ರೀನ್ ದಾಟಿ ಮರಳಿನ ಗುಂಡಿಗೆ ಉರುಳಿತು. ಅದನ್ನು ನೋಡುತ್ತಿದ್ದ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಹವ್ಯಾಸಿ ಆಟಗಾರ, ಗ್ರೀನ್ ಎಷ್ಟು ವೇಗವಾಗಿದೆ ಎಂದು ಬಾಯಿಮಾತಲ್ಲಿ ಹೇಳುವ ಬದಲು ಅಳೆದೇ ಹೇಳಬೇಕು ಎಂದು ಮರದ ಸಾಧನವೊಂದನ್ನು ಮಾಡಿದರು. 1976ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎಯ ಫ್ರಾಂಕ್ ಥಾಮಸ್ ಅದನ್ನು ಅಲ್ಯೂಮಿನಿಯಂನಲ್ಲಿ ಹೊಸದಾಗಿ ರೂಪಿಸಿದರು. 1978ರಿಂದ ಅದು ಕೋರ್ಸ್ ನೋಡಿಕೊಳ್ಳುವವರ ಕೈಗೆ ಸಿಕ್ಕಿತು.

ಸ್ಟಿಂಪ್‌ಮೀಟರ್ ಎಂದರೆ 36 ಇಂಚು ಉದ್ದದ, ನಡುವೆ ಕಾಲುವೆಯಂತೆ ತಗ್ಗಿರುವ ಪಟ್ಟಿ. ಚೆಂಡನ್ನು ಅದರ ಗುಳಿಯಲ್ಲಿಟ್ಟು ಪಟ್ಟಿಯ ತುದಿಯನ್ನು ನಿಧಾನವಾಗಿ ಎತ್ತಬೇಕು. ಸುಮಾರು 20 ಡಿಗ್ರಿ ಕೋನಕ್ಕೆ ಬಂದಾಗ ಚೆಂಡು ತಾನಾಗಿ ಉರುಳುತ್ತದೆ. ಹೀಗಾಗಿ ಯಾರು ಎತ್ತಿದರೂ ಚೆಂಡು ಒಂದೇ ವೇಗದಲ್ಲಿ ಹೊರಡುತ್ತದೆ. ಸಮತಟ್ಟಾದ ಜಾಗದಲ್ಲಿ ಮೂರು ಚೆಂಡು ಒಂದು ದಿಕ್ಕಿಗೆ, ಮೂರು ಚೆಂಡು ವಿರುದ್ಧ ದಿಕ್ಕಿಗೆ ಉರುಳಿಸಿ ಸರಾಸರಿ ತೆಗೆಯುತ್ತಾರೆ. ಚೆಂಡು 9 ಅಡಿ ಹೋದರೆ ಆ ಗ್ರೀನ್‌ನ ಸ್ಪೀಡ್ 9.

ಒಂದು ಅಡಿ ಅಂದರೆ ಎಷ್ಟು ಮಹಾ?

ಲೆಕ್ಕ ಹಾಕಿ ನೋಡೋಣ. ಸಮತಟ್ಟು ಜಾಗದಲ್ಲಿ ಒಂದೇ ಬಲದಿಂದ ಹೊಡೆದ ಚೆಂಡು ಸಾಗುವ ದೂರ, ಹೆಚ್ಚು ಕಡಿಮೆ ಸ್ಟಿಂಪ್ ಸಂಖ್ಯೆಯ ಪ್ರಮಾಣದಲ್ಲೇ ಹೆಚ್ಚು ಕಡಿಮೆಯಾಗುತ್ತದೆ. ಪ್ರಾಕ್ಟೀಸ್ ಗ್ರೀನ್ ಸ್ಪೀಡ್ 9, ಕೋರ್ಸ್ ಗ್ರೀನ್ ಸ್ಪೀಡ್ 10 ಎಂದುಕೊಳ್ಳಿ. ಅಲ್ಲಿ 18 ಅಡಿ ಹೋಗುವ ಹೊಡೆತ ಇಲ್ಲಿ 20 ಅಡಿ ಹೋಗುತ್ತದೆ. ಅಲ್ಲಿ 30 ಅಡಿ ಹೋಗುವುದು ಇಲ್ಲಿ 33 ಅಡಿ ದಾಟುತ್ತದೆ. ಅಂದರೆ ಕುಳಿಯಿಂದ ಮೂರು ಅಡಿ ಆಚೆ ನಿಂತು, ಇನ್ನೊಂದು ಪಟ್ ಹೊಡೆಯುವ ಕೆಲಸ ಬಾಕಿ.

ಇಳಿಜಾರಿನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಗ್ರೀನ್ ವೇಗವಾದಷ್ಟೂ ಅದೇ ಇಳಿಜಾರು ಚೆಂಡನ್ನು ಹೆಚ್ಚು ಪಕ್ಕಕ್ಕೆ ಎಳೆಯುತ್ತದೆ.

ಹಾಗಂತ ಪ್ರತಿ ಇಂಚಿಗೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮೆರಿಕದ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಸಂಶೋಧನೆಯಲ್ಲಿ, ಸ್ಪೀಡ್‌ನಲ್ಲಿ ಆರು ಇಂಚಿನಷ್ಟು ವ್ಯತ್ಯಾಸವಿದ್ದರೆ ಸಾಮಾನ್ಯ ಆಟಗಾರರಿಗೆ ಅದು ಗೊತ್ತೇ ಆಗಲಿಲ್ಲ.

ಎರಡರ ನಡುವೆ ವ್ಯತ್ಯಾಸ ಯಾಕೆ ಬರುತ್ತದೆ?

1. ಓಡಾಟ: ಪ್ರಾಕ್ಟೀಸ್ ಗ್ರೀನ್ ಮೇಲೆ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ. ಮಣ್ಣು ಗಟ್ಟಿಯಾಗುತ್ತದೆ, ಹುಲ್ಲು ಸವೆಯುತ್ತದೆ, ಕುಳಿಗಳ ಸುತ್ತ ಹೆಜ್ಜೆ ಗುರುತು ಉಳಿಯುತ್ತದೆ.

2. ಅಡಿಪಾಯ: ಯುಎಸ್‌ಜಿಎ 1960ರಲ್ಲಿ ಹೊರತಂದ ವಿಧಾನದ ಪ್ರಕಾರ ಕಟ್ಟಿದ ಗ್ರೀನ್‌ಗಳಲ್ಲಿ ಜಲ್ಲಿಯ ಪದರದ ಮೇಲೆ ಸುಮಾರು 12 ಇಂಚು ಮರಳು ಮಿಶ್ರಣ ಇರುತ್ತದೆ. ನೀರು ಬೇಗ ಇಳಿಯುತ್ತದೆ. ಪ್ರಾಕ್ಟೀಸ್ ಗ್ರೀನ್ ಬೇರೆ ಕಾಲದಲ್ಲಿ, ಬೇರೆ ಮಣ್ಣಿನಲ್ಲಿ ಕಟ್ಟಿದ್ದರೆ ಮಳೆ ಬಂದ ಮರುದಿನ ಎರಡೂ ಬೇರೆ ಬೇರೆ ಥರ ಒಣಗುತ್ತವೆ.

3. ಕಟಾವು: ಹುಲ್ಲು ಕತ್ತರಿಸುವುದು, ರೋಲರ್ ಓಡಿಸುವುದು ಎಲ್ಲ ಕಡೆ ಒಂದೇ ಹೊತ್ತಿಗೆ ಆಗುವುದಿಲ್ಲ. ರೋಲರ್ ಓಡಿಸಿದ ಗ್ರೀನ್ ವೇಗವಾಗಿರುತ್ತದೆ.

4. ಹೊತ್ತು: ಬೆಳಿಗ್ಗೆ ಇಬ್ಬನಿ ಇರುವಾಗ ಚೆಂಡು ನಿಧಾನ. ಬಿಸಿಲೇರಿ ಒಣಗಿದ ಮೇಲೆ ವೇಗ. ನೀವು ಆರೂವರೆಗೆ ಪ್ರಾಕ್ಟೀಸ್ ಮಾಡಿ, ಹದಿನಾಲ್ಕನೇ ಹೋಲ್‌ಗೆ ಹತ್ತು ಗಂಟೆಗೆ ಬಂದರೆ ಬೆಳಗಿನ ಲೆಕ್ಕ ಆಗಲೇ ಹಳತಾಗಿರುತ್ತದೆ.

5. ಹುಲ್ಲಿನ ಒಲವು: ನಮ್ಮ ಕಡೆಯಂಥ ಬೆಚ್ಚಗಿನ ಊರುಗಳಲ್ಲಿ ಗ್ರೀನ್‌ಗೆ ಹೆಚ್ಚಾಗಿ ಬರ್ಮುಡಾ ಹುಲ್ಲು ಹಾಕುತ್ತಾರೆ. ಇದು ಬೇರೇನಲ್ಲ, ಗಣಪತಿಗೆ ಏರಿಸುವ ಗರಿಕೆಯ ಬಳಗದ್ದೇ. ಗರಿಕೆ ನೆಲದ ಮೇಲೆ ಹಬ್ಬಿಕೊಂಡು ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ. ಚೆಂಡು ಆ ದಿಕ್ಕಿಗೇ ಉರುಳಿದರೆ ವೇಗ, ಎದುರು ಉರುಳಿದರೆ ನಿಧಾನ. ನಿಂತ ಜಾಗದಿಂದ ಹುಲ್ಲು ಹೊಳೆದಂತೆ ಕಂಡರೆ ಅದು ನಿಮ್ಮಿಂದ ಆಚೆಗೆ ವಾಲಿದೆ, ಕಪ್ಪಾಗಿ ಕಂಡರೆ ನಿಮ್ಮ ಕಡೆಗೆ ವಾಲಿದೆ. ಈ ಒಲವು ಒಂದೊಂದು ಗ್ರೀನ್‌ನಲ್ಲಿ ಒಂದೊಂದು ರೀತಿ ಇರುತ್ತದೆ.

ಎರಡೂ ಒಂದೇ ಆಗಿರುವ ಒಂದು ಜಾಗ

ಸ್ಟಿಂಪ್‌ಮೀಟರ್ ಹುಟ್ಟಿಗೆ ಕಾರಣವಾದ ಓಕ್‌ಮಾಂಟ್‌ನಲ್ಲೇ ಒಂದು ವಿಶೇಷವಿದೆ. ಅಲ್ಲಿನ ಒಂಬತ್ತನೇ ಹೋಲ್‌ನ ಗ್ರೀನ್ ಸುಮಾರು ಅರ್ಧ ಎಕರೆಯಷ್ಟು ದೊಡ್ಡದು. ಅದರ ಹಿಂಭಾಗವೇ ಪ್ರಾಕ್ಟೀಸ್ ಗ್ರೀನ್! ಅಲ್ಲಿ ಅಭ್ಯಾಸ ಮಾಡುವವರು ನಿಜವಾಗಿಯೂ ಕೋರ್ಸ್‌ನ ಗ್ರೀನ್ ಮೇಲೆಯೇ ನಿಂತಿರುತ್ತಾರೆ.

ಆದರೂ ಉಳಿದ ಹದಿನೇಳು ಗ್ರೀನ್‌ಗಳ ಇಳಿಜಾರು ಬೇರೆ, ಹವೆಯೂ ಬದಲಾಗುತ್ತಿರುತ್ತದೆ. 2025ರ ಯುಎಸ್ ಓಪನ್ ಅಲ್ಲಿಯೇ ನಡೆಯಿತು. ಕೊನೆಯ ದಿನ ಮಳೆ ಬಂದು ಆಟ ಒಂದೂವರೆ ಗಂಟೆ ನಿಂತಿತು, ಗ್ರೀನ್‌ಗಳು ಒದ್ದೆಯಾದವು. ಕೊನೆಗೆ ಜೆ.ಜೆ. ಸ್ಪಾನ್ 18ನೇ ಗ್ರೀನ್‌ನಲ್ಲಿ 64 ಅಡಿಗೂ ಉದ್ದದ ಪಟ್ ಹಾಕಿ ಗೆದ್ದರು. ಅದಕ್ಕೆ ಸ್ವಲ್ಪ ಮುಂಚೆ ಜೊತೆಗಾರ ವಿಕ್ಟರ್ ಹೋವ್ಲಂಡ್ ಹೆಚ್ಚು ಕಡಿಮೆ ಅದೇ ದಾರಿಯಲ್ಲಿ ಹೊಡೆದ ಚೆಂಡು ಹೇಗೆ ಹೋಯಿತೆಂದು ಸ್ಪಾನ್ ನೋಡಿಕೊಂಡಿದ್ದರು. ಆ ಹೊತ್ತಿನ ಸ್ಪೀಡ್ ತಿಳಿಸಿದ್ದು ಎದುರಿಗಿದ್ದ ಗ್ರೀನ್.

ಕೈಯಲ್ಲಿ ದೋಷ ಇದೆಯಾ?

ಪ್ರಾಕ್ಟೀಸ್‌ನಲ್ಲಿ ಒಂದೇ ಜಾಗದಿಂದ ಮೂರು ಚೆಂಡು ಹೊಡೆಯುತ್ತೇವೆ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು, ಮೂರನೆಯದು ಒಳಗೆ. ನೆನಪಲ್ಲಿ ಉಳಿಯುವುದು ಮೂರನೆಯದು ಮಾತ್ರ. ಕೋರ್ಸ್‌ನಲ್ಲಿ ಸಿಗುವುದು ಮೊದಲನೇ ಚೆಂಡಿನ ಅವಕಾಶ ಮಾತ್ರ.

1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಲನೆಯ ಕಲಿಕೆಯ ಮೇಲೆ ಒಂದು ಪ್ರಯೋಗ ಮಾಡಿದರು. ಒಂದೇ ಕೆಲಸವನ್ನು ಸತತವಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡಿದರು. ಬೇರೆ ಬೇರೆ ಕೆಲಸಗಳನ್ನು ಬೆರೆಸಿ ಮಾಡಿದವರು ಅಭ್ಯಾಸದಲ್ಲಿ ತಡವರಿಸಿದರೂ, ಆಮೇಲಿನ ಪರೀಕ್ಷೆಯಲ್ಲಿ ಮುಂದೆ ಬಂದರು. ಗಾಲ್ಫ್‌ಗೂ ಇದರಲ್ಲಿ ಪಾಠವಿದೆ: ಪ್ರಾಕ್ಟೀಸ್ ಗ್ರೀನ್‌ನಲ್ಲಿ ಸುಲಭವಾಗಿ ಬೀಳುತ್ತಿದೆ ಎಂದರೆ ಕಲಿಕೆ ಚೆನ್ನಾಗಿ ಆಗುತ್ತಿದೆ ಎಂದೇನಲ್ಲ.

ಇನ್ನೊಂದು ಸಮಾಧಾನದ ವಿಷಯ. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರರೂ 8 ಅಡಿ ದೂರದ ಪಟ್‌ಗಳಲ್ಲಿ ಹಾಕುವುದು ಸುಮಾರು ಅರ್ಧದಷ್ಟನ್ನು ಮಾತ್ರ.

ಈ ಸಲಹೆ ಮಾತ್ರ ಪಾಲಿಸಬೇಡಿ

"ಪ್ರಾಕ್ಟೀಸ್ ಗ್ರೀನ್ ನಂಬಬೇಡಿ, ಆಟಕ್ಕೆ ಮುಂಚೆ ಕೋರ್ಸ್ ಗ್ರೀನ್ ಮೇಲೆಯೇ ಚೆಂಡು ಉರುಳಿಸಿ ನೋಡಿ" ಎಂದು ಯಾರಾದರೂ ಹೇಳಿದರೆ ಎಚ್ಚರ. ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ, ಅವತ್ತಿನ ಸುತ್ತಿಗೆ ಮುಂಚೆ ಕೋರ್ಸ್‌ನ ಗ್ರೀನ್ ಮೇಲೆ ಚೆಂಡು ಉರುಳಿಸಿ ಅಥವಾ ಹುಲ್ಲು ಉಜ್ಜಿ ಪರೀಕ್ಷಿಸಿದರೆ ಎರಡು ಹೊಡೆತಗಳ ದಂಡ. ಎರಡನೇ ಸಲ ಮಾಡಿದರೆ ಸ್ಪರ್ಧೆಯಿಂದಲೇ ಹೊರಗೆ.

ಆಟದ ನಡುವೆಯೂ ಹೀಗೆ ಪರೀಕ್ಷಿಸುವಂತಿಲ್ಲ. ಆದರೆ ಒಂದು ಹೋಲ್ ಮುಗಿಸಿ ಮುಂದಿನದು ಶುರುಮಾಡುವ ಮೊದಲು, ಈಗಷ್ಟೇ ಮುಗಿಸಿದ ಗ್ರೀನ್ ಮೇಲೆ ಮತ್ತು ಪ್ರಾಕ್ಟೀಸ್ ಗ್ರೀನ್ ಮೇಲೆ ಚೆಂಡು ಉರುಳಿಸಿ ನೋಡಬಹುದು. ಸ್ಪರ್ಧೆಯ ಸಮಿತಿ ಅಲ್ಲಿ ಅಭ್ಯಾಸವನ್ನು ನಿಷೇಧಿಸಿರಲೂಬಹುದು, ಆದ್ದರಿಂದ ಮೊದಲೇ ಕೇಳಿಕೊಳ್ಳಿ.

ಹಾಗಾದರೆ ಪ್ರಾಕ್ಟೀಸ್ ಗ್ರೀನ್ ಹೇಗೆ ಬಳಸಬೇಕು?

- ಮೊದಲ ಐದು ನಿಮಿಷ ಕುಳಿಯ ಕಡೆ ನೋಡಲೇಬೇಡಿ. ಸಮತಟ್ಟು ಜಾಗದಲ್ಲಿ ಒಂದೇ ಅಳತೆಯ ಹೊಡೆತ ಎಷ್ಟು ಹೆಜ್ಜೆ ದೂರ ಹೋಗುತ್ತದೆ ಎಂದು ಎಣಿಸಿ. ವಿರುದ್ಧ ದಿಕ್ಕಿಗೂ ಹೊಡೆದು ನೋಡಿ.
- ನಂತರ ಒಂದೇ ಚೆಂಡು ಇಟ್ಟುಕೊಳ್ಳಿ. ಪ್ರತಿ ಸಲ ಜಾಗ ಮತ್ತು ದೂರ ಬದಲಿಸಿ, ಒಳಗೆ ಬೀಳುವವರೆಗೂ ಆಡಿ.
- ಮೊದಲ ಎರಡು ಮೂರು ಹೋಲ್‌ಗಳಲ್ಲಿ ಚೆಂಡು ನಿಮ್ಮ ಅಂದಾಜಿಗಿಂತ ಮುಂದೆ ಹೋಯಿತೋ ಹಿಂದೆ ಉಳಿಯಿತೋ ಗಮನಿಸಿ, ಲೆಕ್ಕ ತಿದ್ದಿಕೊಳ್ಳಿ.
- ಜೊತೆಗಾರರು ಹೊಡೆಯುವಾಗ ಫೋನ್ ನೋಡಬೇಡಿ, ಅವರ ಚೆಂಡು ನೋಡಿ. ಅದು ಪುಕ್ಕಟೆ ಪಾಠ.
- ಹೊಸ ಊರಿನ ಕೋರ್ಸ್ ಆದರೆ ಅಲ್ಲಿನ ಸಿಬ್ಬಂದಿಯನ್ನೇ ಕೇಳಿ: "ಇವತ್ತು ಪ್ರಾಕ್ಟೀಸ್ ಗ್ರೀನ್‌ಗೂ ಕೋರ್ಸ್‌ಗೂ ವ್ಯತ್ಯಾಸ ಇದೆಯಾ?"

ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ನೋಡಿ

"ಪ್ರಾಕ್ಟೀಸ್ ಗ್ರೀನ್ ಯಾವಾಗಲೂ ನಿಧಾನ": ತಪ್ಪು. ಗಟ್ಟಿಯಾಗಿ ಸವೆದಿದ್ದರೆ ಅದೇ ಹೆಚ್ಚು ವೇಗವಾಗಿರಬಹುದು.

"ಗ್ರೀನ್ ವೇಗವಾದಷ್ಟೂ ಕೋರ್ಸ್ ಒಳ್ಳೆಯದು": ತಪ್ಪು. ತೀರಾ ಇಳಿಜಾರಿನ ಗ್ರೀನ್ ಅತಿ ವೇಗವಾದರೆ ಚೆಂಡು ಕುಳಿಯ ಬಳಿ ನಿಲ್ಲುವುದೇ ಇಲ್ಲ.

"ಪ್ರಾಕ್ಟೀಸ್ ಗ್ರೀನ್‌ನಿಂದ ಉಪಯೋಗವಿಲ್ಲ": ತಪ್ಪು. ಅಂದಾಜು ಸಿಗುತ್ತದೆ, ಕೈ ಹದಕ್ಕೆ ಬರುತ್ತದೆ.

"ಎರಡೂ ಸ್ವಲ್ಪ ಬೇರೆ ಇರಬಹುದು, ಮೊದಲ ಕೆಲವು ಹೋಲ್‌ಗಳಲ್ಲಿ ಸರಿಪಡಿಸಿಕೊಳ್ಳಬೇಕು": ನಿಜ.

ಗಾಲ್ಫ್ ಆಡುವ ಗೆಳೆಯರು ಚೆಂಡು ಬೀಳದ್ದಕ್ಕೆ ಕ್ಲಬ್ಬನ್ನೋ ತಮ್ಮ ಕೈಯನ್ನೋ ಬೈದುಕೊಳ್ಳುತ್ತಿದ್ದರೆ ಇದನ್ನು ಅವರಿಗೆ ಕಳಿಸಿ. ಸ್ಪರ್ಧೆಗೆ ಹೊರಟವರಿಗಂತೂ ದಂಡದ ವಿಷಯ ಇರುವ ಭಾಗವನ್ನು ತಪ್ಪದೇ ತೋರಿಸಿ.